‘ಅಪ್‌ಲೋಡ್ ಆಗ್ತಿಲ್ಲ’ ಅಂದ್ರೆ ನಿಜವಾಗಿ ಏನು ಆಗ್ತಿಲ್ಲ?

ನಾವು ಎರಡನೇ ವರ್ಷದವರು, ಒಂದೇ ರೂಮಿನ ಮೂರು ಜನ. ಮೂವರೂ ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಹಾಗಾಗಿ ಟೆಕ್ನಿಕಲ್ ವಿಷಯವನ್ನು ಕನ್ನಡದಲ್ಲಿ ಬರೆಯೋದು ನಮಗೂ ಒಂಥರಾ ಲ್ಯಾಬ್ ಎಕ್ಸಾಮೇ. ತಪ್ಪಿದ್ದರೆ ತಿದ್ದಿ, ಆದರೆ ಪೂರ್ತಿ ಓದಿ. ನಾವು ಮೂರು ದಿನ ಒದ್ದಾಡಿ ಕಲಿತದ್ದನ್ನು ನೀವು ಹದಿನೈದು ನಿಮಿಷದಲ್ಲಿ ಕಲೀಬಹುದು.

ವಿಷಯ ಇಷ್ಟು. ನಮ್ಮ ರೂಮ್‌ಮೇಟ್‌ನ ಊರು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಮನೆ. ಹೋದ ವರ್ಷ ಅವನ ಅಜ್ಜಿ ತೀರಿಕೊಂಡರು. ಮೊದಲ ವರ್ಷದ ತಿಥಿ ಭಾನುವಾರ ಇತ್ತು. ಅವನ ಅತ್ತೆ ನ್ಯೂಜೆರ್ಸಿಯಲ್ಲಿ, ಒಬ್ಬ ದೊಡ್ಡಪ್ಪ ದುಬೈನಲ್ಲಿ. ಇಬ್ಬರಿಗೂ ಬರೋಕೆ ಆಗ್ತಿರಲಿಲ್ಲ. ಅಜ್ಜಿಯ ಹಳೇ ವಿಡಿಯೋಗಳನ್ನು ಅವನ ಸ್ವಂತ ವೆಬ್‌ಸೈಟಲ್ಲಿ ಹಾಕಿ, ಮನೆಯವರೆಲ್ಲ ಅವತ್ತು ನೋಡೋ ಹಾಗೆ ಮಾಡೋಣ ಅಂತ ಮಾತಾಯ್ತು. ವೆಬ್‌ಸೈಟ್ ಆಗಲೇ ಇತ್ತು. ಮಿನಿ ಪ್ರಾಜೆಕ್ಟ್‌ಗೆ ಅಂತ ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗ್ ತಗೊಂಡು, ಪಿಎಚ್‌ಪಿಯಲ್ಲಿ ಒಂದು ಪುಟ್ಟ ಅಪ್‌ಲೋಡ್ ಪೇಜ್ ಅವನೇ ಬರೆದಿದ್ದ. ಗುರುವಾರ ರಾತ್ರಿ ಶುರು ಮಾಡಿದ್ವಿ. ಅರ್ಧ ಗಂಟೆ ಕೆಲಸ ಅಂದ್ಕೊಂಡಿದ್ವಿ.

ನಮ್ಮ ಹತ್ತಿರ ಇದ್ದದ್ದು ಮೂರು ಫೈಲು:

1. ಅಜ್ಜಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಹಾಡು ಹೇಳುವ ಹತ್ತು ನಿಮಿಷದ ವಿಡಿಯೋ. 2019ರಲ್ಲಿ ಚಿಕ್ಕಪ್ಪನ ಐಫೋನಲ್ಲಿ ತೆಗೆದದ್ದು. ಸೈಜು 612 ಎಂಬಿ.
2. 2005ರ ದೀಪಾವಳಿ. ಹ್ಯಾಂಡಿಕ್ಯಾಮ್ ಟೇಪನ್ನು ಆಗ ಸ್ಟುಡಿಯೋದವರು ಡಿವಿಡಿ ಮಾಡಿಕೊಟ್ಟಿದ್ದರು.
3. 2009ರ ನಲವತ್ತು ಸೆಕೆಂಡಿನ ಒಂದು 3ಜಿಪಿ ಕ್ಲಿಪ್. ಬಟನ್ ಫೋನಿನದು.

ಮೊದಲನೇ ಫೈಲನ್ನು ಸೆಲೆಕ್ಟ್ ಮಾಡಿ ಬಟನ್ ಒತ್ತಿದ್ವಿ. ಸ್ವಲ್ಪ ಹೊತ್ತು ತಿರುಗಿತು, ಆಮೇಲೆ ‘ಕನೆಕ್ಷನ್ ರೀಸೆಟ್’ ಅಂತ ಬಂತು. ಇನ್ನೊಮ್ಮೆ ಒತ್ತಿದ್ವಿ, ಅದೇ. ನಾವು ಏನು ಮಾಡಿದ್ವಿ ಹೇಳಿ? ಎಲ್ಲರೂ ಮಾಡೋದನ್ನೇ. ಹಾಸ್ಟೆಲ್ ವೈಫೈಗೆ ಬೈದು ಮತ್ತೆ ಒತ್ತಿದ್ವಿ. ಹೀಗೆ ಆರು ಸಲ.

ಇಲ್ಲಿಂದಲೇ ಪಾಠ ಶುರು.

ಮೊದಲ ಮಾತು: ದಾರಿಯಲ್ಲಿ ಐದು ಸ್ಟಾಪ್ ಇದೆ

‘ಅಪ್‌ಲೋಡ್ ಆಗ್ತಿಲ್ಲ’ ಅನ್ನೋದು ಒಂದು ಸಮಸ್ಯೆಯ ಹೆಸರಲ್ಲ. ಊರಿಂದ ಬಸ್ಸಲ್ಲಿ ಹಾಕಿದ ಪಾರ್ಸೆಲ್ ಬರಲಿಲ್ಲ ಅಂದ್ರೆ ನಾವು ಏನು ಕೇಳ್ತೀವಿ? ಅಲ್ಲಿ ಬಸ್ಸಿಗೆ ಹಾಕಿದ್ರಾ, ದಾರೀಲಿ ಬಸ್ ಕೆಟ್ಟಿತಾ, ಸ್ಟ್ಯಾಂಡಲ್ಲಿ ಇಳಿಸಿದ್ರಾ, ಯಾರ ಕೈಗೆ ಕೊಟ್ರು. ವಿಡಿಯೋ ವಿಷಯದಲ್ಲೂ ಹಾಗೇ ಕೇಳಬೇಕು. ಬಾಗಿಲು, ದಾರಿ, ಫೈಲು, ಪ್ಲೇಯರ್, ಹೆಸರು. ಈ ಐದರಲ್ಲಿ ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗೀತು. ಗೊತ್ತಿಲ್ಲದೆ ಸೆಟಿಂಗ್ ಬದಲಾಯಿಸ್ತಾ ಹೋದ್ರೆ ಒಂದು ತೊಂದರೆ ಮೂರು ಆಗುತ್ತೆ.

ಸ್ಟಾಪ್ 1: ಬಾಗಿಲು, ಅಂದ್ರೆ ಸರ್ವರ್‌ನ ಸೈಜ್ ಮಿತಿ

ಆರನೇ ಸಲ ಸೋತ ಮೇಲೆ ನಮ್ಮಲ್ಲೊಬ್ಬ, ‘ಚಿಕ್ಕ ಫೈಲ್ ಹೋಗುತ್ತಾ ನೋಡೋಣ’ ಅಂದ. ಮೂರು ದಿನದಲ್ಲಿ ನಾವು ಮಾಡಿದ ಮೊದಲ ಬುದ್ಧಿವಂತ ಕೆಲಸ ಅದು. ಫಲಿತಾಂಶ ಹೀಗಿತ್ತು:

1 ಎಂಬಿ ಫೋಟೋ: ಹೋಯ್ತು.
5 ಎಂಬಿ ಕ್ಲಿಪ್: ಹೋಗಲಿಲ್ಲ, ಪಿಎಚ್‌ಪಿ ‘ಎರರ್ 1’ ಅಂತು.
20 ಎಂಬಿ ಕ್ಲಿಪ್: ‘ದಯವಿಟ್ಟು ಫೈಲ್ ಸೆಲೆಕ್ಟ್ ಮಾಡಿ’ ಅಂತು. ಸೆಲೆಕ್ಟ್ ಮಾಡಿದ್ದೇವಲ್ಲ ಮಾರಾಯ!

ಒಂದೇ ಪೇಜು, ಒಂದೇ ವೈಫೈ, ಮೂರು ಬೇರೆ ಉತ್ತರ. ಅಂದ್ರೆ ತಪ್ಪು ವೈಫೈಯದ್ದಲ್ಲ, ಸೈಜಿಗೆ ಸಂಬಂಧಪಟ್ಟದ್ದು.

ಪಿಎಚ್‌ಪಿಯಲ್ಲಿ ಎರಡು ಮಿತಿ ಇವೆ. ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಅನ್ನೋದು ಒಂದು ಫೈಲಿನ ಮಿತಿ. ಯಾರೂ ಬದಲಾಯಿಸದಿದ್ದರೆ ಅದು 2 ಎಂಬಿ. ‘ಪೋಸ್ಟ್ ಮ್ಯಾಕ್ಸ್ ಸೈಜ್’ ಅನ್ನೋದು ಇಡೀ ಫಾರ್ಮಿನ ಮಿತಿ, ಅದು 8 ಎಂಬಿ. ನಮ್ಮ 5 ಎಂಬಿ ಕ್ಲಿಪ್ ಮೊದಲನೇ ಮಿತಿ ದಾಟಿತು, ಎರಡನೇದು ದಾಟಲಿಲ್ಲ. ಹಾಗಾಗಿ ಸರಿಯಾದ ಎರರ್ ಬಂತು. 20 ಎಂಬಿಯದ್ದು ಎರಡನ್ನೂ ದಾಟಿತು. ಆಗ ಪಿಎಚ್‌ಪಿ ಫಾರ್ಮಿನಲ್ಲಿ ಬಂದದ್ದನ್ನೆಲ್ಲ ಬಿಸಾಕಿ ನಮ್ಮ ಕೋಡಿಗೆ ಖಾಲಿ ಕೈ ತೋರಿಸುತ್ತೆ. ನಮ್ಮ ಕೋಡ್ ಪಾಪ, ಫೈಲೇ ಬಂದಿಲ್ಲ ಅಂದ್ಕೊಂಡು ‘ಸೆಲೆಕ್ಟ್ ಮಾಡಿ’ ಅಂತು.

ಇದನ್ನು ಸರಿಮಾಡುವಾಗ ನಾವು ಇನ್ನೆರಡು ತಪ್ಪು ಮಾಡಿದ್ವಿ. ಒಂದು, ಮಿತಿಯನ್ನು ಪಿಎಚ್‌ಪಿ ಕೋಡಿನ ಒಳಗಿಂದಲೇ ಏರಿಸೋಕೆ ನೋಡಿದ್ವಿ. ಅದು ಆಗಲ್ಲ. ಯಾಕಂದ್ರೆ ಕೋಡ್ ಓಡೋಕೆ ಶುರುವಾಗುವ ಹೊತ್ತಿಗೆ ಫೈಲ್ ಬಂದು, ಮಿತಿಯ ಲೆಕ್ಕ ಮುಗಿದಿರುತ್ತೆ. ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ, ಇಲ್ಲಾ ಫೋಲ್ಡರಿನ ‘.ಯೂಸರ್.ಐಎನ್‌ಐ’ ಫೈಲಲ್ಲಿ ಬದಲಾಯಿಸಬೇಕು. ಎರಡು, ಆ ಫೈಲಲ್ಲಿ ಬದಲಾಯಿಸಿ ಕೂಡಲೇ ಟೆಸ್ಟ್ ಮಾಡಿ, ‘ಕೆಲಸ ಮಾಡ್ತಿಲ್ಲ’ ಅಂತ ವಾಪಸ್ ಹಳೇದನ್ನೇ ಹಾಕಿದ್ವಿ. ಪಿಎಚ್‌ಪಿ ಆ ಫೈಲನ್ನು ಮಾಮೂಲಾಗಿ 300 ಸೆಕೆಂಡಿಗೊಮ್ಮೆ ಮಾತ್ರ ಓದುತ್ತೆ. ಐದು ನಿಮಿಷ ಕಾಯಬೇಕಿತ್ತು, ಅಷ್ಟೇ. ಇನ್ನೊಂದು ನೆನಪಿರಲಿ: ಫಾರ್ಮಿನ ಮಿತಿ ಯಾವಾಗಲೂ ಫೈಲಿನ ಮಿತಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಡಬ್ಬಿಗಿಂತ ಚೀಲ ದೊಡ್ಡದಿರಬೇಕಲ್ಲ, ಹಾಗೆ.

ಇಷ್ಟಾದ ಮೇಲೆ 50 ಎಂಬಿ ಹೋಯ್ತು. ಖುಷಿಯಲ್ಲಿ 200 ಎಂಬಿ ಕಳಿಸಿದ್ವಿ, ಮತ್ತೆ ನಿಂತಿತು. ಈ ಸಲ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆಗೆದು ನೋಡಿದ್ವಿ. ಕೆಂಪಕ್ಷರದಲ್ಲಿ 413 ಅಂತ ಇತ್ತು. 413 ಅಂದ್ರೆ ‘ನೀವು ಕಳಿಸ್ತಿರೋದು ನನಗೆ ತುಂಬಾ ದೊಡ್ಡದು’ ಅಂತ ವೆಬ್ ಸರ್ವರ್ ಹೇಳ್ತಿದೆ. ಪಿಎಚ್‌ಪಿಯ ಮುಂದೆ ಇನ್ನೊಂದು ಬಾಗಿಲಿದೆ, ಅದಕ್ಕೂ ತನ್ನದೇ ಮಿತಿ. ಉದಾಹರಣೆಗೆ ಎಂಜಿನ್‌ಎಕ್ಸ್‌ನಲ್ಲಿ ಯಾರೂ ಬದಲಾಯಿಸದಿದ್ದರೆ ಅದು ಬರೀ 1 ಎಂಬಿ. ಸ್ವಂತ ಸರ್ವರ್ ಆದ್ರೆ ಏರಿಸಬಹುದು. ಶೇರ್ಡ್ ಹೋಸ್ಟಿಂಗಲ್ಲಿ ಅದು ನಮ್ಮ ಕೈಲಿರಲ್ಲ.

ಮೊದಲ ರಾತ್ರಿ ಬಂದ ‘ಕನೆಕ್ಷನ್ ರೀಸೆಟ್’ ಕೂಡ ಇದೇ ಬಾಗಿಲಿನದು. ಸರ್ವರ್ ಸೈಜ್ ನೋಡಿದ ಕೂಡಲೇ ಬಾಗಿಲು ಹಾಕಿದೆ, ನಮ್ಮ ಬ್ರೌಸರ್ ಇನ್ನೂ ಕಳಿಸುತ್ತಲೇ ಇತ್ತು. ವೈಫೈಗೆ ಸುಮ್ಮನೆ ಬೈದಿದ್ವಿ.

ಬಾಗಿಲಿನ ಇನ್ನೊಂದು ರೂಪ ಗಿಟ್‌ಹಬ್ ಪೇಜಸ್ ಬಳಸುವವರಿಗೆ ಗೊತ್ತಿರಬೇಕು. ಅಲ್ಲಿ ಬ್ರೌಸರ್ ಮೂಲಕ ಹಾಕೋದಾದ್ರೆ ಒಂದು ಫೈಲ್ 25 ಎಂಬಿ ದಾಟಬಾರದು, ಗಿಟ್ ಮೂಲಕ ಆದ್ರೆ 100 ಎಂಬಿ. ಮನೆಯ ವಿಡಿಯೋ ಇಡೋಕೆ ಅದು ಸರಿಯಾದ ಜಾಗ ಅಲ್ಲ.

ಸ್ಟಾಪ್ 2: ದಾರಿ. ಇಲ್ಲೇ ನಾವು ವಿಡಿಯೋ ಕಳಕೊಳ್ಳೋದರಲ್ಲಿದ್ವಿ

ದೊಡ್ಡ ಫೈಲಿಗೆ ಬ್ರೌಸರ್ ಫಾರ್ಮ್ ಸರಿಯಾದ ದಾರಿ ಅಲ್ಲ ಅಂತ ಗೊತ್ತಾಯ್ತು. ಫೈಲ್‌ಜಿಲ್ಲಾ ಹಾಕಿಕೊಂಡು ಎಸ್‌ಎಫ್‌ಟಿಪಿ ಮೂಲಕ ಕಳಿಸೋಣ ಅಂದ್ವಿ. ಈ ದಾರಿಯಲ್ಲಿ ಪಿಎಚ್‌ಪಿ ಬಾಗಿಲೂ ಇಲ್ಲ, 413 ಬಾಗಿಲೂ ಇಲ್ಲ. ಹಳೇ ಎಫ್‌ಟಿಪಿ ಬೇಡ, ಅದರಲ್ಲಿ ಪಾಸ್‌ವರ್ಡ್ ಗುಟ್ಟಾಗಿ ಹೋಗಲ್ಲ.

ಎಷ್ಟು ಹೊತ್ತು ಬೇಕು ಅಂತ ಮೊದಲೇ ಲೆಕ್ಕ ಹಾಕಿ. ಸ್ಪೀಡ್ ಟೆಸ್ಟಲ್ಲಿ ನಾವೆಲ್ಲ ಡೌನ್‌ಲೋಡ್ ನಂಬರ್ ನೋಡಿ ಖುಷಿಪಡ್ತೀವಿ, ಇಲ್ಲಿ ಬೇಕಾದದ್ದು ಅಪ್‌ಲೋಡ್ ನಂಬರ್. ಸೈಜು ಬೈಟ್ ಲೆಕ್ಕದಲ್ಲಿ, ಸ್ಪೀಡು ಬಿಟ್ ಲೆಕ್ಕದಲ್ಲಿ ಇರುತ್ತೆ. ಹಾಗಾಗಿ 8ರಿಂದ ಗುಣಿಸಿ. 612 ಎಂಬಿ ಗುಣಿಸು 8 ಅಂದ್ರೆ 4896 ಮೆಗಾಬಿಟ್. ನಮ್ಮ ಅಪ್‌ಲೋಡ್ ಸ್ಪೀಡ್ 2 ಎಂಬಿಪಿಎಸ್. ಭಾಗಿಸಿದರೆ 2448 ಸೆಕೆಂಡ್, ಸುಮಾರು 41 ನಿಮಿಷ. ಅದೂ ದಾರಿಯಲ್ಲಿ ಏನೂ ಆಗದಿದ್ದರೆ.

ಆಯ್ತು. ರಾತ್ರಿ ಹನ್ನೆರಡೂವರೆಗೆ ಹಾಕಿ ಮಲಗಿದ್ವಿ. ಬೆಳಿಗ್ಗೆ ಸರ್ವರ್ ಫೋಲ್ಡರಲ್ಲಿ ಫೈಲಿನ ಹೆಸರು ಕಾಣ್ತು. ರೂಮ್‌ಮೇಟ್‌ಗೆ ಖುಷಿ. ಅವನ ಲ್ಯಾಪ್‌ಟಾಪ್‌ನಲ್ಲಿ ಜಾಗ ಇರಲಿಲ್ಲ, ಎಂಟು ಗಂಟೆ ಲ್ಯಾಬಿಗೆ ಒಂದು ಸಾಫ್ಟ್‌ವೇರ್ ಹಾಕಬೇಕಿತ್ತು. ‘ಹೇಗೂ ಸೈಟಲ್ಲಿದೆ’ ಅಂತ ಲ್ಯಾಪ್‌ಟಾಪಿನ ಫೈಲನ್ನು ಶಿಫ್ಟ್ ಡಿಲೀಟ್ ಒತ್ತಿ ತೆಗೆದುಬಿಟ್ಟ.

ಮಧ್ಯಾಹ್ನ ಬಂದು ಸೈಟಲ್ಲಿ ಪ್ಲೇ ಒತ್ತಿದರೆ ಬರೀ ಕಪ್ಪು. ಸರ್ವರ್‌ನಲ್ಲಿ ಫೈಲ್ ಸೈಜ್ ನೋಡಿದ್ವಿ: 340 ಎಂಬಿ. ರಾತ್ರಿ ಯಾವಾಗಲೋ ಹಾಸ್ಟೆಲ್ ವೈಫೈ ಲಾಗಿನ್ ಎಕ್ಸ್‌ಪೈರ್ ಆಗಿ ಅಪ್‌ಲೋಡ್ ಅರ್ಧಕ್ಕೆ ನಿಂತಿತ್ತು. ಈ ಸಲ ತಪ್ಪು ನಿಜವಾಗಿ ವೈಫೈಯದ್ದೇ.

ಅರ್ಧ ಫೈಲ್ ಇದ್ರೆ ಅರ್ಧ ವಿಡಿಯೋ ಆದರೂ ಬರಬೇಕಲ್ಲ? ಬರಲಿಲ್ಲ. ಯಾಕಂದ್ರೆ ಎಂಪಿ4 ಮತ್ತು ಎಂಒವಿ ಫೈಲಿನಲ್ಲಿ ‘ಮೂವ್’ ಅಂತ ಒಂದು ಭಾಗ ಇದೆ. ಅದು ಪುಸ್ತಕದ ಪರಿವಿಡಿ ಇದ್ದ ಹಾಗೆ. ಯಾವ ಫ್ರೇಮ್ ಎಲ್ಲಿದೆ ಅಂತ ಅದರಲ್ಲೇ ಬರೆದಿರೋದು. ಫೋನು ರೆಕಾರ್ಡ್ ಮುಗಿದ ಮೇಲೆ ಅದನ್ನು ಬರೆಯುವುದರಿಂದ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿ ಇರುತ್ತೆ. ಕೊನೆ ತುಂಡೇ ಬರದಿದ್ದರೆ ಒಳಗೆ ಚಿತ್ರ ಇದ್ದರೂ ಪ್ಲೇಯರ್‌ಗೆ ತಲೆಬುಡ ಗೊತ್ತಾಗಲ್ಲ.

ಚಿಕ್ಕಪ್ಪ ಆ ಫೋನನ್ನು ಎಕ್ಸ್‌ಚೇಂಜಲ್ಲಿ ಕೊಟ್ಟು ಎಷ್ಟೋ ಕಾಲ ಆಗಿತ್ತು. ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಇದ್ದದ್ದು ಕುಗ್ಗಿಸಿದ ಮಸುಕು ಕಾಪಿ, ಅದೂ ಮೊದಲ ಮೂರು ನಿಮಿಷ ಮಾತ್ರ. ರೂಮಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನೆನಪಾದದ್ದು ಪೆನ್‌ಡ್ರೈವ್. ದಸರಾ ರಜೆಯಲ್ಲಿ ಊರಿಂದ ಫೈಲ್ ತಂದದ್ದು ಅದರಲ್ಲೇ. ಆದ್ರೆ ಅದನ್ನು ಹಿಂದಿನ ವಾರ ಒಬ್ಬ ಜೂನಿಯರ್ ಲ್ಯಾಬ್ ರೆಕಾರ್ಡ್ ಪ್ರಿಂಟ್ ತೆಗೆಸೋಕೆ ಇಸ್ಕೊಂಡು ಹೋಗಿದ್ದ. ಎರಡು ಬ್ಲಾಕ್ ದಾಟಿ ಓಡಿದ್ವಿ. ಅವನು ಕ್ಲಾಸಲ್ಲಿದ್ದ. ಮುಕ್ಕಾಲು ಗಂಟೆ ಹೊರಗೆ ನಿಂತಿದ್ವಿ. ಹೊರಗೆ ಬಂದವನು, ‘ಸಾರಿ ಅಣ್ಣ, ವೈರಸ್ ಇದೆ ಅಂತ ಫಾರ್ಮ್ಯಾಟ್ ಮಾಡೋಣ ಅಂತಿದ್ದೆ, ಮರೆತೆ’ ಅಂದ. ಅವನ ಮರೆವಿಗೆ ಕ್ಯಾಂಟೀನಲ್ಲಿ ಮಸಾಲೆ ದೋಸೆ ಕೊಡಿಸಿದ್ವಿ.

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನು ಇಟ್ಟುಕೊಳ್ಳಿ. ಅಪ್‌ಲೋಡ್ ಅನ್ನೋದು ಬ್ಯಾಕಪ್ ಅಲ್ಲ. ಒರಿಜಿನಲ್ ಮೇಲೆ ಕೈ ಹಾಕೋಕೆ ಮುಂಚೆ ಅದರ ಕಾಪಿ ಕನಿಷ್ಠ ಎರಡು ಬೇರೆ ಬೇರೆ ಜಾಗದಲ್ಲಿ ಇರಲಿ. ಸರ್ವರ್‌ನಲ್ಲಿ ಹೆಸರು ಕಂಡರೆ ಸಾಲದು, ಎರಡೂ ಕಡೆ ಸೈಜನ್ನು ಬೈಟ್ ಲೆಕ್ಕದಲ್ಲಿ ಹೋಲಿಸಿ. ಇನ್ನೂ ಗಟ್ಟಿಯಾಗಿ ಬೇಕಂದ್ರೆ ಎಸ್‌ಎಚ್‌ಎ 256 ಹ್ಯಾಷ್ ತೆಗೆದು ನೋಡಿ. ಒಂದು ಬೈಟ್ ಬದಲಾಗಿದ್ದರೂ ಹ್ಯಾಷ್ ಬೇರೆ ಬರುತ್ತೆ. ಅಪ್‌ಲೋಡ್ ಅರ್ಧಕ್ಕೆ ನಿಂತರೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಫೈಲ್‌ಜಿಲ್ಲಾ ‘ಫೈಲ್ ಆಗಲೇ ಇದೆ, ಏನು ಮಾಡಲಿ’ ಅಂತ ಕೇಳಿದಾಗ ‘ರೆಸ್ಯೂಮ್’ ಆಯ್ಕೆ ಮಾಡಿ.

ಪೆನ್‌ಡ್ರೈವ್ ಮಾತು ಬಂದದ್ದಕ್ಕೆ ಇದೂ ಹೇಳ್ತೀವಿ. ಅದು ಫ್ಯಾಟ್ 32 ಫಾರ್ಮ್ಯಾಟಲ್ಲಿ ಇದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ. ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದರೂ ‘ಜಾಗ ಇಲ್ಲ’ ಅನ್ನೋ ಥರ ಎರರ್ ಬರಬಹುದು. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿ, ಆದ್ರೆ ಫಾರ್ಮ್ಯಾಟ್ ಮಾಡೋ ಮುಂಚೆ ಒಳಗೆ ಏನಿದೆ ನೋಡಿ!

ಸ್ಟಾಪ್ 3: ಫೈಲು. ಹಾರ್ಲಿಕ್ಸ್ ಬಾಟಲಿಯೊಳಗಿನ ಸಾರಿನ ಪುಡಿ

ಶುಕ್ರವಾರ ರಾತ್ರಿ ಪೂರ್ತಿ 612 ಎಂಬಿ ಸರಿಯಾಗಿ ತಲುಪಿತು. ನಮ್ಮ ಫೋನಲ್ಲಿ ಚೆನ್ನಾಗೇ ಓಡ್ತು. ಅತ್ತೆಗೆ ಲಿಂಕ್ ಕಳಿಸಿದ್ವಿ. ಅವರು ವಿಂಡೋಸ್ ಲ್ಯಾಪ್‌ಟಾಪಲ್ಲಿ ತೆಗೆದು ಫೋನ್ ಮಾಡಿದರು. ‘ಅಪ್ಪೀ, ಹಾಡು ಕೇಳ್ತಾ ಇದೆ. ಅಮ್ಮನ ಮುಖ ಕಾಣ್ತಾ ಇಲ್ವಲ್ಲೋ’ ಅಂದರು.

ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ ಇರುತ್ತೆ, ಐಸ್‌ಕ್ರೀಮ್ ಡಬ್ಬಿಯಲ್ಲಿ ದೋಸೆ ಹಿಟ್ಟು ಇರುತ್ತೆ. ವಿಡಿಯೋ ಫೈಲೂ ಹಾಗೇ. ಎಂಪಿ4, ಎಂಒವಿ ಅನ್ನೋದು ಬಾಟಲಿ ಹೆಸರು, ಇದಕ್ಕೆ ಕಂಟೇನರ್ ಅಂತಾರೆ. ಒಳಗಿನ ವಸ್ತು ಕೋಡೆಕ್. ಚಿತ್ರಕ್ಕೆ ಒಂದು ಕೋಡೆಕ್, ಧ್ವನಿಗೆ ಇನ್ನೊಂದು. ಹಾಗಾಗಿ ಹಾಡು ಕೇಳಿ ಮುಖ ಕಾಣದೇ ಇರೋದು ಸಾಧ್ಯ. ಫೈಲಿನ ಹೆಸರಲ್ಲಿ ಎಂಒವಿ ತೆಗೆದು ಎಂಪಿ4 ಅಂತ ಬರೆದ್ರೆ ಬಾಟಲಿಗೆ ಬೇರೆ ಚೀಟಿ ಅಂಟಿಸಿದ ಹಾಗಾಯ್ತು, ಒಳಗೆ ಇರೋದು ಅದೇ ಪುಡಿ.

ಒಳಗೆ ಏನಿದೆ ಅಂತ ನೋಡೋಕೆ ವಿಎಲ್‌ಸಿಯಲ್ಲಿ ಫೈಲ್ ತೆಗೆದು ಕಂಟ್ರೋಲ್ ಜೆ ಒತ್ತಿ. ನಮ್ಮ ಮೂರೂ ಫೈಲಿನ ಕಥೆ ಹೀಗಿತ್ತು:

ಐಫೋನಿನದ್ದು: ಎಚ್‌ಇವಿಸಿ. 2017ರಲ್ಲಿ ಬಂದ ಐಒಎಸ್ 11ರಿಂದ ಹೊಸ ಐಫೋನ್‌ಗಳು ಜಾಗ ಉಳಿಸೋಕೆ ಇದನ್ನೇ ಬಳಸ್ತವೆ. ಸಫಾರಿಯಲ್ಲಿ ಓಡುತ್ತೆ. ಬೇರೆ ಬ್ರೌಸರ್‌ಗಳಲ್ಲಿ ಅವರವರ ಕಂಪ್ಯೂಟರ್ ಮೇಲೆ ಹೋಗುತ್ತೆ.
ಡಿವಿಡಿಯದ್ದು: ಎಂಪೆಗ್ 2 ಚಿತ್ರ, ಎಸಿ 3 ಧ್ವನಿ, ವಿಒಬಿ ಫೈಲುಗಳು. ಬ್ರೌಸರ್‌ಗೆ ಇದು ಊಟವೇ ಅಲ್ಲ. ಇನ್ನೊಂದು ವಿಷಯ, ಡಿವಿಡಿಯಲ್ಲಿ ಒಂದು ವಿಒಬಿ 1 ಜಿಬಿ ದಾಟಲ್ಲ. ಉದ್ದದ ವಿಡಿಯೋ ತುಂಡು ತುಂಡಾಗಿ ಇರುತ್ತೆ. ಒಂದು ತುಂಡು ಮಾತ್ರ ಕಾಪಿ ಮಾಡಿ ‘ಉಳಿದದ್ದು ಹೋಯ್ತು’ ಅಂತ ಗಾಬರಿ ಆಗಬೇಡಿ, ಇಡೀ ವಿಡಿಯೋ ಟಿಎಸ್ ಫೋಲ್ಡರನ್ನೇ ಕಾಪಿ ಮಾಡಿ.
3ಜಿಪಿ: ಹಳೇ ಎಚ್.263 ಚಿತ್ರ, ಎಎಂಆರ್ ಧ್ವನಿ. ವಿಎಲ್‌ಸಿಯಲ್ಲಿ ಓಡ್ತು, ಬ್ರೌಸರಲ್ಲಿ ಇಲ್ಲ.

ಎಲ್ಲಾ ಕಡೆ ಓಡಬೇಕಂದ್ರೆ ಸದ್ಯಕ್ಕೆ ಒಂದೇ ಸುಲಭ ಉತ್ತರ: ಎಂಪಿ4 ಬಾಟಲಿ, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ. ಎಚ್.264 ಬಂದದ್ದು 2003ರಲ್ಲಿ. ಹಳೇದು, ಅದಕ್ಕೇ ಎಲ್ಲರಿಗೂ ಗೊತ್ತು.

ನಾವು ಬಳಸಿದ್ದು ಹ್ಯಾಂಡ್‌ಬ್ರೇಕ್, ಪುಕ್ಕಟೆ ಸಿಗುತ್ತೆ. ‘ಫಾಸ್ಟ್ 720ಪಿ30’ ಪ್ರೀಸೆಟ್ ಆಯ್ಕೆ ಮಾಡಿ, ‘ವೆಬ್ ಆಪ್ಟಿಮೈಜ್ಡ್’ ಅನ್ನೋ ಕಡೆ ಟಿಕ್ ಹಾಕಿ, ಔಟ್‌ಪುಟ್‌ಗೆ ಬೇರೆ ಹೆಸರು, ಬೇರೆ ಫೋಲ್ಡರ್ ಕೊಟ್ಟು ಸ್ಟಾರ್ಟ್. 612 ಎಂಬಿ ಇದ್ದದ್ದು 150 ಎಂಬಿ ಹತ್ತಿರ ಬಂತು. ಅಜ್ಜಿಯ ಮುಖದಲ್ಲಾಗಲೀ ಹಾಡಿನಲ್ಲಾಗಲೀ ನಮಗೆ ವ್ಯತ್ಯಾಸ ಕಾಣಲಿಲ್ಲ. ಅಪ್‌ಲೋಡ್ ಸಮಯವೂ 41 ನಿಮಿಷದಿಂದ 10 ನಿಮಿಷಕ್ಕೆ ಇಳಿಯಿತು. ಇದನ್ನು ಮೊದಲೇ ಮಾಡಿದ್ದಿದ್ರೆ ಅಂತ ಆಗ ಅನ್ನಿಸ್ತು.

ದೀಪಾವಳಿ ವಿಡಿಯೋದಲ್ಲಿ ಯಾರಾದರೂ ಓಡಾಡಿದಾಗ ಬಾಚಣಿಗೆ ಹಲ್ಲಿನ ಥರ ಗೆರೆ ಬರ್ತಿತ್ತು. ಆ ಕಾಲದ ಟಿವಿಗಾಗಿ ಒಂದು ಫ್ರೇಮನ್ನು ಎರಡು ಅರ್ಧ ಮಾಡಿ, ಒಂದು ಸಾಲು ಬಿಟ್ಟು ಒಂದು ಸಾಲು ಹಿಡಿಯುತ್ತಿದ್ದರು. ಹ್ಯಾಂಡ್‌ಬ್ರೇಕ್‌ನಲ್ಲಿ ‘ಡೀಇಂಟರ್‌ಲೇಸ್’ ಫಿಲ್ಟರ್ ಆನ್ ಮಾಡಿದ್ವಿ, ಹೋಯ್ತು. 3ಜಿಪಿ ಕ್ಲಿಪ್ಪನ್ನು ಮಾತ್ರ ದೊಡ್ಡದು ಮಾಡೋಕೆ ಹೋಗಲಿಲ್ಲ. ಇಲ್ಲದ ವಿವರ ಎಲ್ಲಿಂದ ಬರಬೇಕು? ಪುಟ್ಟ ಕಿಟಕಿಯ ಥರ ಹಾಗೇ ಇಟ್ವಿ.

ಊರಿಂದ ಯಾರಾದರೂ ವಿಡಿಯೋ ಕಳಿಸೋದಿದ್ರೆ ವಾಟ್ಸಾಪಲ್ಲಿ ವಿಡಿಯೋ ಆಗಿ ಬೇಡ, ‘ಡಾಕ್ಯುಮೆಂಟ್’ ಆಗಿ ಕಳಿಸೋಕೆ ಹೇಳಿ. ಆಗ ಕುಗ್ಗಲ್ಲ. 2 ಜಿಬಿವರೆಗೆ ಹೋಗುತ್ತೆ.

ಸ್ಟಾಪ್ 4: ಪ್ಲೇಯರ್. ತಲುಪಿದೆ, ಆದ್ರೆ ಓಡ್ತಿಲ್ಲ

ಶನಿವಾರ. ಅತ್ತೆಯ ಲ್ಯಾಪ್‌ಟಾಪಲ್ಲಿ ಮುಖ ಕಾಣ್ತು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ನಾವೂ ಸುಮ್ಮನಿದ್ವಿ. ಆದ್ರೆ ದುಬೈನ ದೊಡ್ಡಪ್ಪನ ಐಫೋನಲ್ಲಿ ಪ್ಲೇ ಆಗಲೇ ಇಲ್ಲ.

ಮತ್ತೆ ಎಫ್12. ನಮ್ಮ ಸೈಟು ವಿಡಿಯೋವನ್ನು ನೇರವಾಗಿ ಕೊಡ್ತಿರಲಿಲ್ಲ. ಪಾಸ್‌ವರ್ಡ್ ಕೇಳಬೇಕು ಅಂತ ರೂಮ್‌ಮೇಟ್ ಒಂದು ಪಿಎಚ್‌ಪಿ ಫೈಲ್ ಮೂಲಕ ಇಡೀ ವಿಡಿಯೋ ಓದಿ ಕಳಿಸ್ತಿದ್ದ. ಬ್ರೌಸರ್ ವಿಡಿಯೋ ಓಡಿಸುವಾಗ ‘ಇಷ್ಟನೇ ಬೈಟಿಂದ ಇಷ್ಟನೇ ಬೈಟಿನವರೆಗೆ ಕೊಡು’ ಅಂತ ತುಂಡು ತುಂಡಾಗಿ ಕೇಳುತ್ತೆ. ಇದಕ್ಕೆ ರೇಂಜ್ ರಿಕ್ವೆಸ್ಟ್ ಅಂತ ಹೆಸರು. ಸರ್ವರ್ ಅದಕ್ಕೆ 206 ಅಂತ ಉತ್ತರ ಕೊಟ್ಟು ಆ ತುಂಡನ್ನು ಮಾತ್ರ ಕಳಿಸಬೇಕು. ನಮ್ಮ ಪಿಎಚ್‌ಪಿ ಏನು ಕೇಳಿದರೂ 200 ಅಂತ ಹೇಳಿ ಇಡೀ ಫೈಲ್ ಸುರೀತಿತ್ತು. ಬೇರೆ ಬ್ರೌಸರ್‌ಗಳು ಹೇಗೋ ಹೊಂದಿಕೊಂಡವು, ಆದರೆ ಮುಂದಕ್ಕೆ ಹಿಂದಕ್ಕೆ ಎಳೆಯೋಕೆ ಆಗ್ತಿರಲಿಲ್ಲ. ಸಫಾರಿ ಮಾತ್ರ ಸುತರಾಂ ಒಪ್ಪಲಿಲ್ಲ.

ಪರಿಹಾರ ಸುಲಭ. ವಿಡಿಯೋ ಕೊಡುವ ಕೆಲಸ ವೆಬ್ ಸರ್ವರ್‌ಗೇ ಬಿಟ್ವಿ, ಅದಕ್ಕೆ ರೇಂಜ್ ಗೊತ್ತು. ಪಾಸ್‌ವರ್ಡನ್ನು ಹೋಸ್ಟಿಂಗ್ ಪ್ಯಾನೆಲ್‌ನಿಂದ ಇಡೀ ಫೋಲ್ಡರಿಗೆ ಹಾಕಿದ್ವಿ. ನಲವತ್ತು ಸಾಲು ಕೋಡ್ ಅಳಿಸಿದ್ವಿ, ಸಮಸ್ಯೆ ಹೋಯ್ತು.

‘ಪ್ಲೇ ಆಗುತ್ತೆ, ಆದ್ರೆ ಶುರುವಾಗೋಕೆ ಸಿಕ್ಕಾಪಟ್ಟೆ ಹೊತ್ತು’ ಅನ್ನೋದಕ್ಕೆ ಕಾರಣ ಆಗಲೇ ಹೇಳಿದ ಪರಿವಿಡಿ. ಅದು ಕೊನೆಯಲ್ಲಿದ್ರೆ ಪ್ಲೇಯರ್ ಮೊದಲು ಅದನ್ನು ಹುಡುಕಬೇಕು. ಹ್ಯಾಂಡ್‌ಬ್ರೇಕ್‌ನ ‘ವೆಬ್ ಆಪ್ಟಿಮೈಜ್ಡ್’ ಟಿಕ್ ಮಾಡೋದು ಇಷ್ಟೇ, ಪರಿವಿಡಿಯನ್ನು ಮುಂದಕ್ಕೆ ತರುತ್ತೆ. ಎಫ್‌ಎಫ್‌ಎಂಪೆಗ್ ಬಳಸುವವರಿಗೆ ಇದೇ ಕೆಲಸಕ್ಕೆ ‘ಫಾಸ್ಟ್‌ಸ್ಟಾರ್ಟ್’ ಅನ್ನೋ ಫ್ಲಾಗ್ ಇದೆ.

ಪೇಜ್ ತೆಗೆದ ಕೂಡಲೇ ತಾನಾಗೇ ಓಡಬೇಕು ಅಂತ ಆಟೋಪ್ಲೇ ಹಾಕಬೇಡಿ. ಧ್ವನಿ ಇರುವ ವಿಡಿಯೋವನ್ನು ಈಗಿನ ಬ್ರೌಸರ್‌ಗಳು ಸಾಮಾನ್ಯವಾಗಿ ತಾನಾಗೇ ಓಡಿಸಲ್ಲ. ನೀವು ಎರರ್ ಅಂತ ತಿಳ್ಕೊಂಡು ರಾತ್ರಿಯೆಲ್ಲ ಹುಡುಕ್ತೀರಿ.

ಸ್ಟಾಪ್ 5: ಹೆಸರು

ಎರಡನೇ ವಿಡಿಯೋ ನಮ್ಮ ಲ್ಯಾಪ್‌ಟಾಪಲ್ಲಿ ಓಡ್ತು, ಸೈಟಲ್ಲಿ 404. ಫೈಲ್ ಕಣ್ಣೆದುರೇ ಇದೆ! ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಗೊತ್ತಾಯ್ತು, ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ4 ಅನ್ನೋದು ದೊಡ್ಡಕ್ಷರದಲ್ಲಿತ್ತು, ಪೇಜಲ್ಲಿ ನಾವು ಸಣ್ಣಕ್ಷರದಲ್ಲಿ ಬರೆದಿದ್ವಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಹೆಸರಲ್ಲಿ ಸ್ಪೇಸು, ಬ್ರಾಕೆಟ್ಟು ಇದ್ದರೂ ಕಾಟ. ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಮಧ್ಯ ಒಂದು ಹೈಫನ್, ಇಷ್ಟರಲ್ಲೇ ಮುಗಿಸಿ.

ತಲುಪಿಸೋ ಮುಂಚೆ ಒಂದು ಪ್ರಶ್ನೆ: ಯಾರು ನೋಡಬಹುದು?

ಇದು ಟೆಕ್ನಿಕಲ್ ಸ್ಟಾಪ್ ಅಲ್ಲ, ಆದ್ರೆ ಬಿಡಬಾರದು. 2005ರ ದೀಪಾವಳಿ ವಿಡಿಯೋದಲ್ಲಿ ಅಜ್ಜಿ ಮೊಮ್ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ಭಾಗ ಇತ್ತು. ನಮಗೆ ಮುದ್ದಾಗಿ ಕಾಣ್ತು. ಆ ಮಕ್ಕಳಲ್ಲಿ ಒಬ್ಬರು ರೂಮ್‌ಮೇಟ್‌ನ ದೊಡ್ಡಪ್ಪನ ಮಗಳು, ಈಗ ಕೆಲಸದಲ್ಲಿದ್ದಾರೆ. ಅವರಿಗೆ ಮೊದಲು ತೋರಿಸಿದ್ವಿ. ‘ಪಾಸ್‌ವರ್ಡ್ ಇದ್ರೂ ಬೇಡ ಕಣೋ’ ಅಂದರು. ಸರಿ, ಸೈಟಿನ ಕಾಪಿಯಿಂದ ಆ ಭಾಗ ಕತ್ತರಿಸಿದ್ವಿ. ವಿಡಿಯೋ ಮನೆಯದ್ದು ಅಂದ ಮಾತ್ರಕ್ಕೆ ಒಪ್ಪಿಗೆ ಇದೆ ಅಂತ ಅರ್ಥ ಅಲ್ಲ.

ಇನ್ನೊಂದು, ಫೋನಲ್ಲಿ ತೆಗೆದ ವಿಡಿಯೋ ಒಳಗೆ ತೆಗೆದ ಜಾಗದ ಲೊಕೇಶನ್ ಕೂಡ ಸೇರಿರಬಹುದು. ಹಾಗೇ ಹಾಕಿದರೆ ಮನೆಯ ವಿಳಾಸ ಹಾಕಿದ ಹಾಗೆ. ಸೈಟಿಗೆ ಹಾಕುವ ಕಾಪಿಯಲ್ಲಿ ಮೆಟಾಡೇಟಾ ಉಳಿದಿದೆಯಾ ಅಂತ ನೋಡಿ, ಇದ್ದರೆ ತೆಗೀರಿ.

ಮುಂದಿನ ಸಲ ಈ ಕ್ರಮದಲ್ಲಿ ಮಾಡಿ

ನಾವು ಹಿಂದುಮುಂದಾಗಿ ಕಲಿತದ್ದನ್ನು ಸರಿಯಾದ ಕ್ರಮದಲ್ಲಿ ಬರೀತಿದ್ದೀವಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಒರಿಜಿನಲ್‌ನ ಎರಡು ಕಾಪಿ ಬೇರೆ ಬೇರೆ ಜಾಗದಲ್ಲಿ ಇಡಿ. ಆಮೇಲೆ ಮಾತ್ರ ಕೆಲಸ ಶುರು.
2. ವಿಎಲ್‌ಸಿಯಲ್ಲಿ ಒಳಗಿನ ಕೋಡೆಕ್ ನೋಡಿ. ಎಚ್.264, ಎಎಸಿ ಅಲ್ಲದಿದ್ರೆ ಬದಲಾಯಿಸಿ, ವೆಬ್ ಆಪ್ಟಿಮೈಜ್ಡ್ ಟಿಕ್ ಹಾಕಿ.
3. ವಿಡಿಯೋದಲ್ಲಿ ಇರುವವರನ್ನು ಕೇಳಿ. ಲೊಕೇಶನ್ ತೆಗೀರಿ.
4. ಹೆಸರು ಸಣ್ಣಕ್ಷರದಲ್ಲಿ, ಸ್ಪೇಸ್ ಇಲ್ಲದೆ.
5. ಹತ್ತು ಸೆಕೆಂಡಿನ ಕ್ಲಿಪ್ ಕತ್ತರಿಸಿ ಮೊದಲು ಅದನ್ನೇ ಕಳಿಸಿ ನೋಡಿ. ಚಿಕ್ಕದು ಓಡಿ ದೊಡ್ಡದು ಓಡದಿದ್ರೆ ಬಾಗಿಲು ಅಥವಾ ದಾರಿ. ಚಿಕ್ಕದೂ ಓಡದಿದ್ರೆ ಫೈಲು, ಪ್ಲೇಯರ್ ಅಥವಾ ಹೆಸರು.
6. ದೊಡ್ಡ ಫೈಲಿಗೆ ಎಸ್‌ಎಫ್‌ಟಿಪಿ. ಮುಗಿದ ಮೇಲೆ ಎರಡೂ ಕಡೆ ಬೈಟ್ ಹೋಲಿಸಿ.
7. ಎರರ್ ಬಂದರೆ ಎಫ್12, ನೆಟ್‌ವರ್ಕ್ ಟ್ಯಾಬ್. ನಂಬರ್ ಓದಿ. 413 ಬಾಗಿಲು, 404 ಹೆಸರು, 403 ಪರ್ಮಿಷನ್, 504 ಸರ್ವರ್ ಕಾದು ಸುಸ್ತಾಗಿದೆ.
8. ನಿಮ್ಮ ಫೋನಲ್ಲಿ ಓಡಿದ್ರೆ ಸಾಲದು. ಒಂದು ಆಂಡ್ರಾಯ್ಡ್, ಒಂದು ಐಫೋನ್, ಒಂದು ವಿಂಡೋಸ್ ಲ್ಯಾಪ್‌ಟಾಪ್, ಮೂರರಲ್ಲೂ ನೋಡಿ.
9. ಒಂದು ಸಲಕ್ಕೆ ಒಂದೇ ಸೆಟಿಂಗ್ ಬದಲಾಯಿಸಿ. ಏನು ಬದಲಾಯಿಸಿದ್ರಿ ಅಂತ ಬರೆದಿಡಿ.

ಕೊನೆಗೆ

ಭಾನುವಾರ ರೂಮ್‌ಮೇಟ್ ಊರಿಗೆ ಹೋಗಿದ್ದ. ಊಟ ಎಲ್ಲ ಮುಗಿದ ಮೇಲೆ ಜಗುಲಿಯಲ್ಲಿ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಹಾಕಿದನಂತೆ. ನ್ಯೂಜೆರ್ಸಿಯಲ್ಲಿ ಅತ್ತೆ, ದುಬೈನಲ್ಲಿ ದೊಡ್ಡಪ್ಪ ಅದೇ ಹೊತ್ತಿಗೆ ಅದೇ ಪೇಜ್ ತೆಗೆದು ಕೂತಿದ್ದರು. ಹಾಡಿನ ಏಳನೇ ನಿಮಿಷದಲ್ಲಿ ಅಜ್ಜಿ ಒಂದು ಸಾಲು ಮರೆತು ನಕ್ಕು ‘ಮುಂದೆ ಎಂತದು?’ ಅಂತ ಕೇಳ್ತಾರೆ. ವಿಡಿಯೋದಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ. ಅತ್ತೆ ಅಲ್ಲಿಂದಲೇ ಫೋನಲ್ಲಿ ಆ ಸಾಲು ಹೇಳಿಕೊಟ್ಟರಂತೆ. ಮನೆಯವರೆಲ್ಲ ಅದನ್ನು ಬರೆದಿಟ್ಟುಕೊಂಡರು.

ಆ ವಾಟ್ಸಾಪ್ ಕಾಪಿ ಮೂರನೇ ನಿಮಿಷಕ್ಕೇ ಮುಗಿಯುತ್ತಿತ್ತು. ಪೆನ್‌ಡ್ರೈವ್ ಫಾರ್ಮ್ಯಾಟ್ ಆಗಿದ್ದಿದ್ರೆ ಈ ಏಳನೇ ನಿಮಿಷ ಯಾರಿಗೂ ಸಿಗ್ತಿರಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ಬೀರುವಿನ ಮೇಲಿನ ಖಾನೆಯಲ್ಲಿ ಹಳೇ ಡಿವಿಡಿ, ಟೇಪು, ಹಳೇ ಫೋನು ಇದೆಯಾ ನೋಡಿ. ಇದ್ದರೆ ಮೊದಲು ಕಾಪಿ ಮಾಡಿ, ವೆಬ್‌ಸೈಟ್ ಆಮೇಲೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಮ್ಮ ರೂಮಿಗೆ ಬನ್ನಿ, ಜೊತೆಗೆ ಕೂತು ನೋಡೋಣ. ಬರುವಾಗ ಎರರ್ ನಂಬರ್ ಬರ್ಕೊಂಡು ಬನ್ನಿ. ‘ಅಪ್‌ಲೋಡ್ ಆಗ್ತಿಲ್ಲ’ ಅಂತ ಮಾತ್ರ ಹೇಳಬೇಡಿ!